ಆರು ಕೊಡದ ನೀರಿನ ಬಂಡಿ: ಐದು ವರ್ಷ ತಳ್ಳಿದ ಮೇಲೆ

ಮೊದಲು ಮುಳ್ಳಿನ ವಿಷಯ ಹೇಳಿಬಿಡುತ್ತೇನೆ. ನೀರು ತರೋ ಬಂಡಿ ಮಾಡಿಸಬೇಕು ಅಂತಿರುವವರು ಗಾಳಿ ತುಂಬುವ ಟೈರು ಮಾತ್ರ ಹಾಕಿಸಬೇಡಿ. ನಮ್ಮ ಕೊಪ್ಪಳದ ಕಡೆ ದಾರಿಯ ಎರಡೂ ಬದಿ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿ ದಾಟಿ ಅಂಗಾಲಿಗೇ ಬರುತ್ತದೆ, ಇನ್ನು ಸೈಕಲ್ ಟ್ಯೂಬು ಯಾವ ಲೆಕ್ಕ? ಮೊದಲ ವರ್ಷ ತಿಂಗಳಿಗೆ ಎರಡು ಸಲವಾದರೂ ಪಂಕ್ಚರ್. ಅದೂ ತುಂಬಿದ ಬಂಡಿ ಅರ್ಧ ದಾರಿಗೆ ಬಂದಾಗ. ಒಂದು ಕೊಡ ಅಂದರೆ 15 ಲೀಟರ್, ಆರು ಕೊಡಕ್ಕೆ 90 ಕಿಲೋ ನೀರು. ಒಂದು ಗಾಲಿ ಕೂತರೆ ಬಂಡಿ ವಾಲಿಬಿಡುತ್ತದೆ. ಎಷ್ಟೋ ದಿನ ಬಂಡಿ ಅಲ್ಲೇ ಬಿಟ್ಟು, ಮೊದಲಿನ ಹಾಗೇ ಒಂದೊಂದೇ ಕೊಡ ಸೊಂಟಕ್ಕೇರಿಸಿ ತಂದಿದ್ದೇನೆ. ಸಂಘದಲ್ಲಿ ಸಾಲ ಎತ್ತಿ 2,600 ರೂಪಾಯಿ ಕೊಟ್ಟದ್ದು ಇದಕ್ಕೇನಾ ಅಂತ ಅಳು ಬರುತ್ತಿತ್ತು.

ಎರಡನೇ ವರ್ಷ ಗಟ್ಟಿ ರಬ್ಬರಿನ ಗಾಲಿ ಹಾಕಿಸಿದೆ. ಪಂಕ್ಚರ್ ಕಾಟ ತಪ್ಪಿತು, ನೀರು ತುಳುಕುವ ಕಾಟ ಶುರುವಾಯಿತು. ಸಣ್ಣ ಕಲ್ಲು ಹತ್ತಿದರೂ ಕೊಡದ ಬಾಯಿಂದ ನೀರು ಚಿಮ್ಮಿ ಸೀರೆ ತೊಯ್ಯುತ್ತದೆ. ಇದಕ್ಕೆ ದಾರಿ ತೋರಿಸಿದವರು ನಮ್ಮ ಅತ್ತೆ. ಮೂವತ್ತು ವರ್ಷ ತಲೆ ಮೇಲೆ ಸಿಂಬಿ ಇಟ್ಟು ಕೊಡ ಹೊತ್ತವರು ಅವರು. ಬೇವಿನ ಎಳೆ ಟೊಂಗೆ ಮುರಿದು, ತೊಳೆದು, ಕೊಡಕ್ಕೊಂದರಂತೆ ನೀರಲ್ಲಿ ಬಿಟ್ಟರು. ಎಲೆ ನೀರಿನ ಮೇಲೆ ಹರಡಿ ಕೂರುತ್ತದೆ, ಅಲೆ ಏಳಲು ಬಿಡುವುದಿಲ್ಲ. ಕುಡಿಯುವ ನೀರಿಗೆ ಮಾತ್ರ ನಾನು ಬಟ್ಟೆ ಕಟ್ಟುತ್ತೇನೆ, ಬೇವಿನ ಕಹಿ ಇಳಿಯಬಾರದಲ್ವಾ.

ಕೊಡ ಇಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಅಚ್ಚಿನ ನೇರಕ್ಕಿರುವ ಎರಡು ಕೊಡ. ಆಮೇಲೆ ಹಿಡಿಕೆ ಕಡೆಯವು. ಕೊನೆಗೆ ಮುಂದಿನವು. ಇಳಿಸುವಾಗ ಮುಂದಿನವೇ ಮೊದಲು. ಒಂದು ಸಲ ಅವಸರದಲ್ಲಿ ಹಿಡಿಕೆ ಕಡೆಯವನ್ನು ಮೊದಲು ಎತ್ತಿದೆ. ಬಂಡಿ ಮುಗ್ಗರಿಸಿ, ಉಳಿದ ನಾಲ್ಕು ಕೊಡದ ನೀರೆಲ್ಲ ಅಂಗಳದ ಪಾಲಾಯಿತು. ನಳದ ಸರತಿಯಲ್ಲಿ ಒಂದು ತಾಸು ನಿಂತು ತಂದ ನೀರು ಅದು.

ಫೋನಿನಲ್ಲಿ ಉರುಳಿಸುವ ಡ್ರಮ್ಮಿನ ವಿಡಿಯೊ ನೋಡಿ ಅದೇ ಒಳ್ಳೇದಲ್ವಾ ಅಂತ ಕೇಳುವವರಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ 1991ರಲ್ಲಿ ಮಾಡಿದ ಹಿಪ್ಪೋ ರೋಲರ್ ಅದು. ಅದಕ್ಕೂ 90 ಲೀಟರೇ ಹಿಡಿಯುತ್ತದೆ. ನೀರು ತುಂಬಿದ ಡ್ರಮ್ಮೇ ಗಾಲಿಯಾಗಿ ಉರುಳುತ್ತದೆ, ತಲೆ ಮೇಲೆ ಭಾರವಿಲ್ಲ. ಒಳ್ಳೆಯ ಯೋಚನೆ. ಆದರೆ ನಮ್ಮ ಮನೆಗೆ ಎರಡು ಥರದ ನೀರು ಬೇಕು. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಬಾರದು, ಮಕ್ಕಳ ಹಲ್ಲು ಕಂದಾಗುತ್ತದೆ, ಮುಂದೆ ಎಲುಬಿಗೂ ಹೊಡೆತ. ಅದಕ್ಕೆ ಬಳಸಲು ನಳದ ಸವಳು ನೀರು ನಾಲ್ಕು ಕೊಡ, ಕುಡಿಯಲು ಶುದ್ಧ ನೀರಿನ ಘಟಕದ್ದು ಎರಡು ಕೊಡ. ಒಂದೇ ಡ್ರಮ್ಮಿನಲ್ಲಿ ಎರಡನ್ನೂ ಹೇಗೆ ತರುವುದು? ಆ ಭಾರ ಹೊಸ್ತಿಲು ದಾಟಿಸುವುದು ಯಾರು? ಕೊಡವಾದರೆ ಒಂದೊಂದೇ ಒಳಗೆ ಒಯ್ಯಬಹುದು.

ಈ ಬಂಡಿಯಿಂದ ಆದ ದೊಡ್ಡ ಲಾಭವನ್ನು ಮಾಡಿಸುವಾಗ ನಾನು ಯೋಚಿಸಿಯೂ ಇರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ ನಮ್ಮ ಮನೆಯವರು ಒಂದು ಕೊಡ ನೀರು ತಂದವರಲ್ಲ. ಕೆಟ್ಟವರಲ್ಲ, ಹೊಲದಲ್ಲಿ ದುಡಿಯುತ್ತಾರೆ. ಆದರೆ ಗಂಡಸು ಓಣಿಯಲ್ಲಿ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬರುವುದು ನಮ್ಮೂರಲ್ಲಿ ಇರಲೇ ಇಲ್ಲ. ಒಂದು ದಿನ ನನಗೆ ಜ್ವರ. ಅವರು ಏನೂ ಮಾತಾಡದೆ ಬಂಡಿ ತಳ್ಳಿಕೊಂಡು ಹೋಗಿ ಆರೂ ಕೊಡ ತುಂಬಿಕೊಂಡು ಬಂದರು. ಬಂಡಿ ತಳ್ಳುವುದು ಗಂಡಸರಿಗೆ ಮೊದಲಿಂದ ರೂಢಿ ಇದ್ದ ಕೆಲಸ, ನಾಚಿಕೆ ಆಗಲಿಲ್ಲ ಅಂತ ಕಾಣುತ್ತದೆ. ಈಗ ವಾರದಲ್ಲಿ ನಾಲ್ಕು ದಿನ ಅವರೇ ಹೋಗುತ್ತಾರೆ. ಈಗ ನಳದ ಹತ್ತಿರ ನಮ್ಮ ಓಣಿಯ ಇನ್ನೂ ಐದಾರು ಗಂಡಸರು ನಿಂತಿರುತ್ತಾರೆ, ಎಲ್ಲರದ್ದೂ ಬಂಡಿಯೇ. ಅಷ್ಟು ಹೊತ್ತಿಗೆ ನನ್ನ ಹೊಲಿಗೆ ಮಷೀನಿನಲ್ಲಿ ಒಂದು ಜಂಪರ್ ಮುಗಿಯುತ್ತದೆ. "ನಮ್ಮ ಕಾಲಕ್ಕ ಇದೊಂದು ಇರಬೇಕಿತ್ತವ್ವ" ಅಂತ ಅತ್ತೆ ಕುತ್ತಿಗೆ ಸವರಿಕೊಳ್ಳುತ್ತಾರೆ.

ಉಳಿದ ಒಂದೇ ತೊಂದರೆ ಹಿಡಿಕೆ. ಮಾಡಿಸುವಾಗ ಅಳತೆ ಕೊಡಲು ಹೋದವರು ನಮ್ಮ ಮನೆಯವರು, ಹಾಗಾಗಿ ಅವರ ಸೊಂಟದ ಎತ್ತರಕ್ಕೇ ಬಂತು. ನನಗೆ ಅದು ಎದೆಯ ಹತ್ತಿರ ಬರುತ್ತದೆ. ಏರು ಹತ್ತುವಾಗ ಭುಜ ಸೇದುತ್ತದೆ. ನೀವು ಮಾಡಿಸುವಾಗ ಮನೆಯಲ್ಲಿ ತಳ್ಳುವವರೆಲ್ಲ ಒಟ್ಟಿಗೆ ಹೋಗಿ ನಿಂತು ಅಳತೆ ಕೊಡಿ. ನಾನು ಈ ಯುಗಾದಿಗೆ ಬಣ್ಣ ಹೊಡೆಸುವಾಗ ಹಿಡಿಕೆ ಕೊಯ್ಸಿ, ಬೋಲ್ಟ್ ಹಾಕಿ ಮೇಲೆ ಕೆಳಗೆ ಮಾಡುವ ಹಾಗೆ ಮಾಡಿಸುತ್ತಿದ್ದೇನೆ. ವೆಲ್ಡಿಂಗ್ ಅಂಗಡಿಯವರು 250 ಕೇಳಿದ್ದಾರೆ. ನನ್ನ ಅಳತೆಗೊಂದು ತೂತು, ಅವರ ಅಳತೆಗೊಂದು.