ತುಟಿ ಮುಂದೆ, ಮಾತು ಹಿಂದೆ: ಮೂರು ದಾರಿ ಹಿಡಿದು ನೋಡಿದ್ದು

ಡೌನ್‌ಲೋಡ್ ಮಾಡಿಟ್ಟಿದ್ದ 100 ನಿಮಿಷದ ಉಪನ್ಯಾಸವೊಂದನ್ನು ಡಿವಿಡಿಗೆ ಹಾಕಬೇಕಿತ್ತು. ಕಂಪ್ಯೂಟರಿನಲ್ಲಿ ನೆಟ್ಟಗೇ ಓಡುತ್ತಿದ್ದ ಫೈಲು ಡಿಸ್ಕಿಗೆ ಬಂದಾಗ ಹಳಿ ತಪ್ಪಿತ್ತು. 2ನೇ ನಿಮಿಷದಲ್ಲಿ ಉಪನ್ಯಾಸಕರು ನೀರಿನ ಲೋಟ ಮೇಜಿನ ಮೇಲಿಟ್ಟರೆ ‘ಟಕ್’ ಸದ್ದು ಜೊತೆಗೇ ಬರುತ್ತದೆ. 90ನೇ ನಿಮಿಷದಲ್ಲಿ ಲೋಟ ಇಟ್ಟು, ಕೈ ತೆಗೆದು, ಕನ್ನಡಕ ಸರಿಮಾಡಿಕೊಂಡ ಮೇಲೆ ‘ಟಕ್’. ಹೀಗೆ ಮೂರು ಡಿಸ್ಕ್ ದಂಡವಾದವು.

ಮೊದಲು ಹಿಡಿದದ್ದು ವಿಡಿಯೋ ತಿದ್ದುವ ತಂತ್ರಾಂಶ ಅವಿಡೆಮಕ್ಸ್. ಆಡಿಯೋ ‘ಶಿಫ್ಟ್’ ಎಂಬಲ್ಲಿ ಮಿಲಿಸೆಕೆಂಡ್ ತುಂಬಿಸಿ, ವಿಡಿಯೋ, ಆಡಿಯೋ ಎರಡನ್ನೂ ‘ಕಾಪಿ’ಯಲ್ಲೇ (ಇದ್ದಂತೆಯೇ ನಕಲು) ಬಿಟ್ಟು ಸೇವ್ ಮಾಡಿದರೆ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ, ಚಿತ್ರಕ್ಕೆ ಏನೂ ಆಗುವುದಿಲ್ಲ. ಎಷ್ಟು ತುಂಬಬೇಕೆಂದು ತಿಳಿಯಲು ವಿಎಲ್‌ಸಿ ಪ್ಲೇಯರಿನಲ್ಲಿ ಧ್ವನಿಯನ್ನು ಹಿಂದೆ ಮುಂದೆ ಸರಿಸುವ ಜೆ, ಕೆ ಕೀಲಿ ಒತ್ತುತ್ತಾ ಹೋದೆ. ಒಂದೊಂದು ಒತ್ತಿಗೆ 50 ಮಿಲಿಸೆಕೆಂಡ್. ಆದರೆ ಶಿಫ್ಟ್ ಇಡೀ ಧ್ವನಿಯನ್ನು ಒಟ್ಟಿಗೆ ಸರಿಸುತ್ತದೆ. ಕೊನೆ ಸರಿಹೋದರೆ ಮೊದಲು ಕೆಡುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. ಮೊದಲಿನಿಂದ ಕೊನೆಯವರೆಗೂ ಒಂದೇ ಅಂತರವಿದ್ದ ಬೇರೊಂದು ಫೈಲಿಗೆ ಮಾತ್ರ ಇದೇ ಮದ್ದು ಚೆನ್ನಾಗಿ ಹಿಡಿಯಿತು.

ನಿಜವಾದ ಕಾಯಿಲೆ ಗೊತ್ತಾದದ್ದು ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋದಲ್ಲಿ ಫೈಲು ತೆರೆದಾಗ. ಫ್ರೇಮ್ ರೇಟ್ ಮೋಡ್: ವೇರಿಯಬಲ್. ಅಂದರೆ ಸೆಕೆಂಡಿಗೆ ಓಡುವ ಚಿತ್ರಗಳ (ಫ್ರೇಮ್) ಸಂಖ್ಯೆ ಒಂದೇ ಸಮ ಇಲ್ಲ. ಮೊಬೈಲಿನಲ್ಲಿ ತೆಗೆದ, ಸ್ಕ್ರೀನ್ ರೆಕಾರ್ಡ್ ಮಾಡಿದ ವಿಡಿಯೋಗಳಲ್ಲಿ ಇದು ಮಾಮೂಲು. ಸೆಕೆಂಡಿಗೆ ಒಮ್ಮೆ 30 ಫ್ರೇಮ್, ಒಮ್ಮೆ 27. ನಾನು ಬಳಸಿದ್ದ ಡಿವಿಡಿ ತಂತ್ರಾಂಶ ಎಲ್ಲವನ್ನೂ 30 ಎಂದೇ ಎಣಿಸಿತ್ತು. ಚಿತ್ರ ಬೇಗ ಬೇಗ ಓಡಿತು, ಧ್ವನಿ ತನ್ನ ಗಡಿಯಾರದ ಪ್ರಕಾರವೇ ನಡೆಯಿತು. 30ರ ಜಾಗದಲ್ಲಿ 29.97 ಎಂಬಷ್ಟು ಸಣ್ಣ ವ್ಯತ್ಯಾಸವೂ 100 ನಿಮಿಷಕ್ಕೆ 6 ಸೆಕೆಂಡ್ ಆಗುತ್ತದೆ.

ಹಾಗಾಗಿ ಎರಡನೆಯದು ಹ್ಯಾಂಡ್‌ಬ್ರೇಕ್, ವಿಡಿಯೋವನ್ನು ಬೇರೆ ರೂಪಕ್ಕೆ ಬದಲಿಸುವ ತಂತ್ರಾಂಶ. ಫ್ರೇಮ್ ರೇಟ್ 25, ‘ಕಾನ್‌ಸ್ಟಂಟ್’ (ಒಂದೇ ಸಮ) ಎಂದು ಆರಿಸಿ ಹೊಸ ಎಂಪಿ4 ಮಾಡಿಕೊಂಡು, ಅದನ್ನು ಡಿವಿಡಿ ತಂತ್ರಾಂಶಕ್ಕೆ ಕೊಟ್ಟೆ. ಸಿಂಕ್ (ಚಿತ್ರ, ಧ್ವನಿಯ ಹೊಂದಿಕೆ) ಕೂಡಿತು. ಕಮಾಂಡ್ ಬರೆಯಲು ಹಿಂಜರಿಯುವವರಿಗೆ ನಾನು ಹೇಳುವುದು ಇದನ್ನೇ. ತೊಡಕೆಂದರೆ ಇದು ಡಿವಿಡಿಗೆ ನೇರ ಹಾಕಬಹುದಾದ ಫೈಲು ಕೊಡುವುದಿಲ್ಲ, ಎರಡೆರಡು ಸಲ ಎನ್‌ಕೋಡ್ (ಹೊಸದಾಗಿ ಸಂಕುಚಿಸುವುದು) ಆಗಬೇಕು. ಹಲಗೆಯ ಮೇಲಿನ ಸಣ್ಣ ಅಕ್ಷರಗಳ ಅಂಚು ಮಸುಕಾಗಿದ್ದು ನನ್ನ ಕಣ್ಣಿಗಂತೂ ಕಂಡಿತು.

ಮೂರನೆಯದು ಕಮಾಂಡ್ ಬರೆದು ನಡೆಸುವ ಎಫ್‌ಎಫ್‌ಎಂಪೆಗ್, ನನ್ನ ಮತ ಇದಕ್ಕೆ. ಮೊದಲ ದಿನ ಆ ಕಪ್ಪು ಕಿಟಕಿ ನೋಡಿಯೇ ಮುಚ್ಚಿದ್ದೆ, ಅದು ಬೇರೆ ಮಾತು. ಟಾರ್ಗೆಟ್ ‘ಪಾಲ್-ಡಿವಿಡಿ’ (ಭಾರತದ ಟಿವಿ ಪದ್ಧತಿಯ ಡಿವಿಡಿ) ಎಂದು ಕೊಟ್ಟರೆ 720x576 ಅಳತೆ, 25 ಫ್ರೇಮ್, ಎಸಿ3 ಧ್ವನಿ, 48 ಕಿಲೋಹರ್ಟ್ಸ್ ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳುತ್ತದೆ. ಫ್ರೇಮನ್ನು ಎಣಿಸದೆ ಅದರ ಸಮಯದ ಗುರುತು ನೋಡಿ, ಬೇಕಾದಲ್ಲಿ ಸೇರಿಸಿ, ಹೆಚ್ಚಾದಲ್ಲಿ ಬಿಡುತ್ತದೆ. ಧ್ವನಿಯಲ್ಲೇ ಅಲ್ಲಲ್ಲಿ ತುಂಡು ಹಾರಿದ್ದರೆ ‘ಎರೀಸ್ಯಾಂಪಲ್’ ಫಿಲ್ಟರಿನಲ್ಲಿ ‘ಅಸಿಂಕ್’ 1000 ಎಂದು ಸೇರಿಸಬೇಕು. ಎನ್‌ಕೋಡ್ ಒಂದೇ ಸಲ, ಅಕ್ಷರಗಳೂ ಉಳಿದವು.

ಬಂದ ಎಂಪಿಜಿ ಫೈಲನ್ನು ಡಿಸ್ಕ್ ಸಿದ್ಧಪಡಿಸುವ ಡಿವಿಡಿಸ್ಟೈಲರ್‌ಗೆ ಹಾಕಿ, ಮತ್ತೆ ಎನ್‌ಕೋಡ್ ಮಾಡದಂತೆ ‘ಕಾಪಿ’ ಆರಿಸಿದೆ. ಬರ್ನ್ ಒತ್ತುವ ಮೊದಲು ವಿಎಲ್‌ಸಿಯಲ್ಲಿ ನೇರ 90ನೇ ನಿಮಿಷಕ್ಕೆ ಹಾರಿದೆ. ಲೋಟ ಮೇಜಿಗೆ ತಾಕಿತು, ‘ಟಕ್’. ನಾಲ್ಕನೇ ಡಿಸ್ಕ್ ಒಳಗೆ ಹೋದದ್ದು ಆಮೇಲೆ.