ಇಂಡಿಯನ್ ಮೆಡಿಕಲ್ ರಿಜಿಸ್ಟರ್: ‘ತಜ್ಞರು’ ಎಂಬ ಬೋರ್ಡು ನಂಬುವ ಮುನ್ನ

ಸೇವೆ: ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ವೈದ್ಯರ ಹುಡುಕಾಟ. ಶುಲ್ಕವಿಲ್ಲ, ಲಾಗಿನ್ ಬೇಡ. ನಮ್ಮ ಅಂಕ: 5ಕ್ಕೆ 3.

ಎದುರಿಗೆ ಕೂತವರು ನೋಂದಾಯಿತ ವೈದ್ಯರು ಹೌದೋ ಅಲ್ಲವೋ ಎಂದು ಕೇಳಿದರೆ ಈ ರಿಜಿಸ್ಟರ್ ಬಹುತೇಕ ಸರಿಯಾಗಿ ಉತ್ತರಿಸುತ್ತದೆ. ತಜ್ಞರು ಹೌದೇ ಎಂದು ಕೇಳಿದರೆ ತಡವರಿಸುತ್ತದೆ. ಇದರ ಮೂಲ ಕಾನೂನಿನಲ್ಲೇ ಇದೆ: ನಮ್ಮಲ್ಲಿ ತಜ್ಞರಿಗೆಂದು ಬೇರೆ ಪರವಾನಗಿ ಇಲ್ಲ. ಎಂಬಿಬಿಎಸ್ ಆದ ಮೇಲೆ ರಾಜ್ಯ ವೈದ್ಯಕೀಯ ಪರಿಷತ್ತು ಒಂದು ಸಂಖ್ಯೆ ಕೊಡುತ್ತದೆ. ಮುಂದೆ ಎಂ.ಡಿ, ಎಂ.ಎಸ್, ಡಿ.ಎಂ, ಎಂ.ಸಿಎಚ್, ಡಿಎನ್‌ಬಿ ಎಂಬ ತಜ್ಞ ಪದವಿಗಳಲ್ಲಿ ಏನೇ ಓದಿದರೂ ಅದು ಅದೇ ಪುಟದ ಕೆಳಗೆ ‘ಅಡಿಷನಲ್ ಕ್ವಾಲಿಫಿಕೇಷನ್’ ಎಂಬ ಒಂದು ಸಾಲಾಗಿ ಸೇರುತ್ತದೆ, ಅಷ್ಟೆ. ಬ್ರಿಟನ್ನಿನಲ್ಲಿ 1997ರಿಂದ ಜನರಲ್ ಮೆಡಿಕಲ್ ಕೌನ್ಸಿಲ್‌ನ ತಜ್ಞರ ಪಟ್ಟಿಯಲ್ಲಿ ಹೆಸರಿಲ್ಲದವರು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕಾಯಂ ಕನ್ಸಲ್ಟೆಂಟ್ (ಹಿರಿಯ ತಜ್ಞ ವೈದ್ಯ) ಆಗುವಂತಿಲ್ಲ. ಇಲ್ಲಿ ‘ಕನ್ಸಲ್ಟೆಂಟ್’ ಎಂದು ಬೋರ್ಡಿನಲ್ಲಿ ಬರೆಸಲು ಪೇಂಟರ್ ಒಬ್ಬ ಸಿಕ್ಕರೆ ಸಾಕು.

ಹುಡುಕುವಾಗ ಹೆಸರಿಗಿಂತ ಸಂಖ್ಯೆ ವಾಸಿ. ಕ್ಲಿನಿಕ್ಕಿನ ಗೋಡೆಯಲ್ಲಿ, ಚೀಟಿಯಲ್ಲಿ, ಸರ್ಟಿಫಿಕೇಟಿನಲ್ಲಿ, ದುಡ್ಡಿನ ರಸೀದಿಯಲ್ಲಿ ನೋಂದಣಿ ಸಂಖ್ಯೆ ಕಾಣಿಸಲೇಬೇಕೆಂದು 2002ರ ವೃತ್ತಿ ನಡವಳಿಕೆ ನಿಯಮ ಹೇಳುತ್ತದೆ. ಸಂಖ್ಯೆಯ ಜತೆಗೆ ಪರಿಷತ್ತನ್ನೂ ಆರಿಸಿ. ಒಂದೇ ಅಂಕಿ ಕರ್ನಾಟಕದಲ್ಲಿ ಒಬ್ಬರದ್ದು, ಮಹಾರಾಷ್ಟ್ರದಲ್ಲಿ ಇನ್ನೊಬ್ಬರದ್ದು ಆಗಿರುತ್ತದೆ.

ಸಂಖ್ಯೆ ಸಿಗದೆ ಹೆಸರಿನಿಂದಲೇ ಹುಡುಕಬೇಕಾದರೆ ತಾಳ್ಮೆ ಬೇಕು. ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು, ನಮ್ಮ ಇನಿಷಿಯಲ್‌ಗಳು ಅಲ್ಲಿ ಕಾಟ ಕೊಡುತ್ತವೆ. ಬೋರ್ಡಿನ ‘ಕೆ. ಎನ್. ಮಂಜುನಾಥ್’ ರಿಜಿಸ್ಟರಿನಲ್ಲಿ ‘ಮಂಜುನಾಥ ಕೆ ಎನ್’ ಆಗಿರಬಹುದು, ಕೊನೆಗೊಂದು ‘ಎ’ ಸೇರಿರಬಹುದು, ‘ಥ’ಕ್ಕೆ ಇರಬೇಕಾದ ‘ಎಚ್’ ಬಿಟ್ಟುಹೋಗಿರಬಹುದು. ‘ಮಂಜು’ ಎಂದಷ್ಟೇ ಹಾಕಿ ಪರಿಷತ್ತು ಮತ್ತು ವರ್ಷದಿಂದ ಸೋಸುವುದು ಸುಲಭ. ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡ ವೈದ್ಯೆಯರು ಇಲ್ಲಿ ಸಾಮಾನ್ಯವಾಗಿ ತವರಿನ ಹೆಸರಲ್ಲೇ ಇರುತ್ತಾರೆ. ಪಟ್ಟಿಯಲ್ಲಿ ಹೆಸರು ಕಂಡಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಪದವಿಗಳು ಕಾಣುವುದು ‘ವ್ಯೂ’ ಒತ್ತಿದ ಮೇಲೆ.

ಆ ಪುಟವನ್ನು ಓದುವ ರೀತಿಯಲ್ಲೇ ಎಲ್ಲ ಇದೆ. ಹೆಚ್ಚುವರಿ ಸಾಲಿನಲ್ಲಿ ಪದವಿ, ವಿಷಯ, ವರ್ಷ, ವಿಶ್ವವಿದ್ಯಾಲಯ ಇವನ್ನು ಬೋರ್ಡಿನ ಜತೆ ತಾಳೆ ಹಾಕಿ. ‘ನರರೋಗ ತಜ್ಞ’ ಎಂದಿದ್ದರೆ ಡಿ.ಎಂ ಅಥವಾ ಡಿಎನ್‌ಬಿ ನ್ಯೂರಾಲಜಿ ಕಾಣಬೇಕು, ಬರೀ ಎಂ.ಡಿ ಜನರಲ್ ಮೆಡಿಸಿನ್ ಇದ್ದರೆ ಅವರು ಫಿಸಿಷಿಯನ್. ಅದೇನೂ ಕಡಿಮೆ ಪದವಿಯಲ್ಲ, ಆದರೆ ಬೋರ್ಡು ಹೇಳುವುದು ಅದನ್ನಲ್ಲ. 1996ಕ್ಕೆ ಮುಂಚಿನ ಪದವಿಗೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಬದಲು ಮೈಸೂರು, ಬೆಂಗಳೂರು ಅಥವಾ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿದ್ದರೆ ಗಾಬರಿ ಬೇಡ. ಆರೋಗ್ಯ ವಿ.ವಿ. ಹುಟ್ಟಿದ್ದೇ ಆ ವರ್ಷ.

ಹೆಚ್ಚು ಜನ ಎಡವುವುದು ‘ಎಂ.ಡಿ’ ಎಂಬ ಎರಡಕ್ಷರದಲ್ಲಿ. ರಷ್ಯಾದಂಥ ದೇಶಗಳಲ್ಲಿ ‘ಎಂ.ಡಿ’ ಅಂದರೆ ಮೊದಲ ವೈದ್ಯ ಪದವಿ, ನಮ್ಮ ಎಂಬಿಬಿಎಸ್‌ಗೆ ಸಮ. ಅಲ್ಲಿ ಓದಿ ಬಂದವರು ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ಅಂಕ ಪಡೆದು ನೋಂದಾಯಿಸಿಕೊಂಡರೆ ಪಕ್ಕಾ ವೈದ್ಯರೇ, ತಜ್ಞರಲ್ಲ. ಆಯುರ್ವೇದಕ್ಕೂ ಎಂ.ಡಿ, ಎಂ.ಎಸ್ ಇವೆ, ಅವರ ರಿಜಿಸ್ಟರ್ ಬೇರೆ, ದಂತವೈದ್ಯರದ್ದೂ ಬೇರೆ, ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಇನ್ನು ‘ಫೆಲೋಶಿಪ್’. ತಜ್ಞ ಪದವಿಯ ನಂತರದ ಎರಡು ವರ್ಷದ ಎಫ್‌ಎನ್‌ಬಿಯೂ ಫೆಲೋಶಿಪ್ಪೇ, ಕೆಲವೇ ದಿನಗಳ ಕೋರ್ಸಿನ ಸರ್ಟಿಫಿಕೇಟೂ ಫೆಲೋಶಿಪ್ಪೇ. ‘ಕಾಸ್ಮೆಟಾಲಜಿಸ್ಟ್’ ಎಂದು ಕಂಡರೆ ಎಂ.ಡಿ ಡರ್ಮಟಾಲಜಿಯೋ ಎಂ.ಸಿಎಚ್ ಪ್ಲಾಸ್ಟಿಕ್ ಸರ್ಜರಿಯೋ ಇದೆಯೇ ನೋಡಿ. ಕಾರ್ಯಾಗಾರದಲ್ಲೋ ಯೂಟ್ಯೂಬ್‌ನಲ್ಲೋ ನೋಡಿ ಕೂದಲು ಕಸಿ ಶುರು ಮಾಡುವುದು ತರಬೇತಿಯಾಗದು ಎಂದು 2022ರಲ್ಲಿ ಆಯೋಗವೇ ಬರೆದು ಹೇಳಬೇಕಾಯಿತು ಅಂದಮೇಲೆ ಊಹಿಸಿಕೊಳ್ಳಿ.

ನಾವು ಅಂಕ ಕಳೆದಿರುವುದು ಮುಂದಿನ ಎರಡು ಕೊರತೆಗಳಿಗೆ. ಹೆಚ್ಚುವರಿ ಸಾಲು ತಾನಾಗಿ ಹುಟ್ಟುವುದಿಲ್ಲ. ವೈದ್ಯರು ಪರಿಷತ್ತಿಗೆ ಅರ್ಜಿ ಹಾಕಬೇಕು, ಪರಿಷತ್ತು ಪದವಿ ಪತ್ರ ನೋಡಿ ದಾಖಲಿಸಬೇಕು, ಆ ಮಾಹಿತಿ ಬೆಂಗಳೂರಿನಿಂದ ದೆಹಲಿಗೆ ಹೋಗಬೇಕು. ಮೂರರಲ್ಲಿ ಎಲ್ಲಿ ತಡವಾದರೂ ನಿಜವಾದ ತಜ್ಞರ ಪುಟದಲ್ಲೂ ಬರೀ ಎಂಬಿಬಿಎಸ್ ಕಾಣುತ್ತದೆ. ಹಾಗಾಗಿ ಸಾಲು ಇದ್ದರೆ ನಂಬಿ. ಇಲ್ಲದಿದ್ದರೆ ಸುಳ್ಳುಗಾರರೆಂದು ತೀರ್ಮಾನಿಸದೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಿ. ಎರಡನೆಯದು ನವೀಕರಣ. ನಮ್ಮ ರಾಜ್ಯದಲ್ಲಿ 5 ವರ್ಷಕ್ಕೊಮ್ಮೆ, 30 ಸಿಎಂಇ (ವೈದ್ಯರ ಮುಂದುವರಿದ ಕಲಿಕೆಯ) ಅಂಕಗಳೊಂದಿಗೆ, ನೋಂದಣಿ ನವೀಕರಿಸಬೇಕು. ಕೇಂದ್ರದ ಪುಟ ನೋಡಿ ಅದು ಆಗಿದೆಯೋ ಇಲ್ಲವೋ ಹೇಳಲಾಗದು.

2024ರ ಆಗಸ್ಟಿನಲ್ಲಿ ಆಧಾರ್ ಜೋಡಣೆಯ ನ್ಯಾಷನಲ್ ಮೆಡಿಕಲ್ ರಿಜಿಸ್ಟರ್ ಎಂಬ ಹೊಸ ಪೋರ್ಟಲ್ ಬಂದಿದೆ. ವೈದ್ಯರು ಅದಕ್ಕೆ ಮತ್ತೆ ಅರ್ಜಿ ಹಾಕಬೇಕಾದ್ದರಿಂದ, ಅಲ್ಲಿ ಹೆಸರು ಸಿಗದಿದ್ದರೆ ಹಳೆಯದರಲ್ಲಿ ನೋಡದೆ ಬಿಡಬೇಡಿ.

ಬೋರ್ಡಿಗೂ ಪುಟಕ್ಕೂ ಹೊಂದಿಕೆಯೇ ಇಲ್ಲ, ಪರಿಷತ್ತೂ ದಾಖಲೆ ಇಲ್ಲವೆಂದಿತು ಅನ್ನಿ. ಆ ವಿಷಯದಲ್ಲಿ ವಿಶೇಷ ಅರ್ಹತೆ ಇಲ್ಲದವರು ತಜ್ಞರೆಂದು ಹೇಳಿಕೊಳ್ಳುವಂತಿಲ್ಲ ಎನ್ನುವುದು 2002ರ ನಿಯಮದ 7.20ನೇ ಅಂಶ. 2023ರ ಆಗಸ್ಟಿನಲ್ಲಿ ಬಂದ ಹೊಸ ನಿಯಮಗಳನ್ನು ಅದೇ ತಿಂಗಳು ತಡೆಹಿಡಿದದ್ದರಿಂದ ಇವತ್ತಿಗೂ ಇದನ್ನೇ ಉಲ್ಲೇಖಿಸಬೇಕು. ದೂರು ರಾಜ್ಯ ಪರಿಷತ್ತಿಗೆ. 6 ತಿಂಗಳೊಳಗೆ ತೀರ್ಮಾನವಾಗಬೇಕೆಂದು ನಿಯಮವಿದೆ. ನೋಂದಣಿಯೇ ಇಲ್ಲದ ನಕಲಿ ಎಂದಾದರೆ ಪರಿಷತ್ತಿನ ಕೈ ಅಲ್ಲಿಗೆ ಮುಟ್ಟದು, ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ. ಅಂಥವರಿಗೆ ಒಂದು ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಆಯೋಗದ ಕಾಯ್ದೆಯಲ್ಲಿ ಅವಕಾಶವಿದೆ.

ದೂರಿಗೆ ಚೀಟಿಯ ಪ್ರತಿ, ಬೋರ್ಡಿನ ಫೋಟೋ, ರಿಜಿಸ್ಟರ್ ಪುಟದ ಪ್ರಿಂಟ್ ಲಗತ್ತಿಸಿ. ಪ್ರಿಂಟಿನಲ್ಲಿ ತಾರೀಕು ಕಾಣಿಸಲಿ. ದೂರು ಹೋದ ಸುದ್ದಿ ಮುಟ್ಟಿದ ಮೇಲೆ ಮೊದಲು ಬದಲಾಗುವುದು ಬೋರ್ಡು.