ಸಾಹೇಬ್ರ ಲೆಟರ್ ಹಿಡ್ಕೊಂಡು ಔಟ್‌ಸೋರ್ಸ್ ಸೇರೋದೋ, ಪಿಡಿಒ ಪರೀಕ್ಷಾ ಬರಿಯೋದೋ?

ವಿಜಯಪುರದಾಗ ಡಿಗ್ರಿ ಮುಗಿಸಿ ಕುಂತ ಹುಡುಗರು ಇದನ್ನ ಕೇಳ್ತಾನ ಇರ್ತಾರ. ಔಟ್‌ಸೋರ್ಸ್ ಡಾಟಾ ಎಂಟ್ರಿ ಅಂದ್ರ ಮುಂಜಾನೆ ಏಳಕ್ಕ ಶಾಸಕ ಸಾಹೇಬ್ರ ಮನಿ ಮುಂದ ಬಯೋಡಾಟಾ ಹಿಡ್ಕೊಂಡು ನಿಂತು, ಪಿಎ ಕಡಿಂದ ಒಂದು ಲೆಟರ್ ಬರಿಸ್ಕೊಂಡ್ರ ಮುಂದಿನ ತಿಂಗಳ ಕುರ್ಚಿ ಸಿಗ್ತೈತಿ, ಅದು ಖರೇನ. ಆದ್ರ ಆರ್ಡರ್ ಕೊಡೋದು ಏಜೆನ್ಸಿ, ಆಫೀಸಲ್ಲ. ನಾನೂ ಎರಡು ವರ್ಷ ಹಂಗ ದುಡದೀನಿ, ಪಗಾರ ಮೂರು ತಿಂಗಳಿಗೊಮ್ಮೆ, ಎಲೆಕ್ಷನ್‌ದಾಗ ಸಾಹೇಬ್ರು ಬದಲಾದ್ರು, ಟೆಂಡರ್ ಬದಲಾತು, ನನ್ನ ಕುರ್ಚಿ ಮ್ಯಾಲ ಹೊಸ ಸಾಹೇಬ್ರ ಅಳಿಯ! ಪರ್ಮನೆಂಟ್ ಮಾಡಸ್ತೀನಿ ಅನ್ನೋ ಮಾತು ನಂಬಬ್ಯಾಡ್ರಿ, 2006ರ ಉಮಾದೇವಿ ಕೇಸ್‌ನ್ಯಾಗ, ನಮ್ಮ ಕರ್ನಾಟಕದ್ದ ಕೇಸ್ ಅದು, ಹಿಂಬಾಗಲಿಂದ ಬಂದವ್ರಿಗೆ ಕಾಯಂ ಆಗೋ ಹಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟೈತಿ.

ಪಿಡಿಒ, ಅಂದ್ರ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ ಕೆಲಸ, ಸಿಗೋದು ಲೇಟು. 2024ರಾಗ ಕೆಪಿಎಸ್‌ಸಿ ಕರದದ್ದು 247 ಪೋಸ್ಟ್ ಅಷ್ಟ. ಪರೀಕ್ಷಾ ಅಂದ್ರ ಎಲ್ಲಾ ಸ್ವಚ್ಛ ಅಂತೇನಲ್ಲ, 545 ಪಿಎಸ್‌ಐ ಪೋಸ್ಟಿನ ಹಗರಣ ನೋಡೀವಿ. ಆದ್ರ ಒಮ್ಮೆ ಲಿಸ್ಟ್‌ನ್ಯಾಗ ಹೆಸರು ಬಂತಂದ್ರ ಶಾಸಕರು ಸಿಟ್ಟಾದ್ರ ಟ್ರಾನ್ಸ್‌ಫರ್ ಮಾಡಸಬಹುದು, ಸುಮ್ನ ಮನಿಗಿ ಕಳಸಾಕ ಆಗಂಗಿಲ್ಲ.

ಮನ್ಯಾಗ ತೀರಾ ತ್ರಾಸ ಇದ್ರ ಔಟ್‌ಸೋರ್ಸ್ ಸೇರ್ರಿ, ಪಿಎಫ್ ಕಟ್ಟ್ಯಾರೋ ಇಲ್ಲೋ ತಿಂಗಳಾ ಮೊಬೈಲ್‌ನ್ಯಾಗ ನೋಡ್ರಿ, ರಾತ್ರಿ ಪುಸ್ತಕ ಮಾತ್ರ ಬಿಡಬ್ಯಾಡ್ರಿ.